ತವರಿಗೆ ಹೋದ ಬಾಣಂತಿ ನಿಮ್ಮ ಕಡತದಲ್ಲಿ ಎಲ್ಲಿದ್ದಾಳೆ?

ಗೆ,
ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹಿರಿಯ ಅಧಿಕಾರಿಗಳಿಗೆ

ವಿಷಯ: ಮಲೆನಾಡಿನ ತಾಯಿ-ಮಕ್ಕಳ ಆರೋಗ್ಯ ದಾಖಲೆಗಳಲ್ಲಿ ತವರುಮನೆಗೆ ಒಂದು ಜಾಗ ಕೊಡುವ ಬಗ್ಗೆ.
ಉಲ್ಲೇಖ: ಇಲ್ಲ. (ಇದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ.)

ಮಾನ್ಯರೇ,

ನಾನು ಶಿವಮೊಗ್ಗದಲ್ಲಿದ್ದುಕೊಂಡು, ವಿಶ್ವವಿದ್ಯಾಲಯದ ಸಂಶೋಧಕಿಯಾಗಿ ಮಕ್ಕಳ ಮತ್ತು ಕುಟುಂಬಗಳ ಆರೋಗ್ಯ ದತ್ತಾಂಶದ ಮೇಲೆ ಕೆಲಸ ಮಾಡುತ್ತೇನೆ. ಹಾಗೆಂದರೆ ಮಕ್ಕಳ ವೈದ್ಯೆಯೇ ಎಂದು ನೆಂಟರು ಕೇಳುತ್ತಾರೆ. ಅಲ್ಲ, ನಾನು ಮಗುವಿನ ಮೈ ಮುಟ್ಟುವವಳಲ್ಲ. ಅಂಗನವಾಡಿಯಲ್ಲಿ ಯಾರೋ ತೂಗಿದ, ಉಪಕೇಂದ್ರದಲ್ಲಿ ಯಾರೋ ಚುಚ್ಚುಮದ್ದು ಹಾಕಿದ, ಆಸ್ಪತ್ರೆಯಲ್ಲಿ ಯಾರೋ ಹೆರಿಗೆ ಮಾಡಿಸಿದ ಲೆಕ್ಕಗಳನ್ನು ಸಾಲುಸಾಲಾಗಿ ಓದಿ, ನಂಬಬಹುದಾದದ್ದನ್ನೂ ನಂಬಲಾಗದ್ದನ್ನೂ ಬೇರ್ಪಡಿಸುವುದು ನನ್ನ ಕೆಲಸ. ಹೀಗೆ ಓದುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ಲೆಕ್ಕ ಹರಿದುಹೋಗುತ್ತದೆ. ಅದನ್ನು ಹೊಲಿಯುವುದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ನಮೂನೆ ಬದಲಿಸುವ, ಸುತ್ತೋಲೆ ಹೊರಡಿಸುವ ಅಧಿಕಾರ ನಿಮ್ಮದಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಕರ್ನಾಟಕದ ಬಗ್ಗೆ ಹೇಳಿದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಂದರೆ ಹುಟ್ಟಿದ ದಿನ ಹೆಚ್ಚುಕಡಿಮೆ ಪ್ರತಿ ಮಗುವೂ ಸರ್ಕಾರಕ್ಕೆ ಕಾಣಿಸುವ ಜಾಗದಲ್ಲೇ ಇರುತ್ತದೆ. ಆಮೇಲೆ ಮೂರು ಮಕ್ಕಳಲ್ಲಿ ಒಂದರ ಬೆಳವಣಿಗೆ ಕುಂಠಿತವಾಗುತ್ತದೆ. ನಡುವೆ ಏನಾಯಿತು ಎಂಬುದಕ್ಕೆ ಸಮೀಕ್ಷೆ ಉತ್ತರಿಸಲಾರದು. ಅದು ದೇಶದ 707 ಜಿಲ್ಲೆಗಳಲ್ಲಿ ಸುಮಾರು 6.37 ಲಕ್ಷ ಮನೆಗಳಿಗೆ ಹೋಗಿತ್ತು. ಸರಾಸರಿ ತೆಗೆದರೆ ಜಿಲ್ಲೆಗೆ 900 ಮನೆ. ಏಳು ತಾಲ್ಲೂಕುಗಳ ಶಿವಮೊಗ್ಗಕ್ಕೆ ಸಿಗುವುದು ಒಂದು ಅಂಕಿ. ಭದ್ರಾವತಿಯ ಕಾರ್ಖಾನೆ ಬಡಾವಣೆಯೂ, ತುಮರಿಯ ಹಿನ್ನೀರಿನ ದಂಡೆಯೂ, ಆಗುಂಬೆಯ ಮಳೆಯಲ್ಲಿ ಒಂಟಿಯಾಗಿ ನಿಂತ ಮನೆಯೂ ಅದೇ ಅಂಕಿಯೊಳಗೆ ಸೇರಿಕೊಂಡಿರುತ್ತವೆ. ಮಂತ್ರಿಗಳ ಭಾಷಣಕ್ಕೆ ಅದು ಸಾಕು. ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯವರು ತಮ್ಮೂರಿನ ಮಕ್ಕಳ ಬಗ್ಗೆ ತಿಳಿಯಬೇಕೆಂದರೆ ಸಾಲದು.

ಅದಕ್ಕೆ ಬೇಕಾದದ್ದು ನಿಮ್ಮ ದಿನನಿತ್ಯದ ದಾಖಲೆ. ಗರ್ಭಿಣಿಗೆ ತಾಯಿ ಕಾರ್ಡ್ ಕೊಟ್ಟ ದಿನದಿಂದ ಆರೋಗ್ಯ ಇಲಾಖೆಯ ಲೆಕ್ಕ ಶುರುವಾಗುತ್ತದೆ. ಅಂಗನವಾಡಿಯಲ್ಲಿ ಹಿಂದೆ ಸಾಲುಗಟ್ಟಿ ಜೋಡಿಸಿಟ್ಟಿದ್ದ ವಹಿಗಳ ಜಾಗಕ್ಕೆ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದಿದೆ. ಇವೆರಡೂ ಮಾದರಿ ಸಮೀಕ್ಷೆಗಳಲ್ಲ, ಪ್ರತಿಯೊಂದು ಮಗುವಿನ ಲೆಕ್ಕ ಇಡಲೆಂದೇ ಇರುವಂಥವು. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ತೊಂದರೆ ಏನೆಂದರೆ, ಈ ಎರಡೂ ಲೆಕ್ಕಗಳು ಹೆಂಗಸು ಮದುವೆಯಾಗಿ ಹೋದ ಊರಿನಲ್ಲಿ ವರ್ಷವಿಡೀ ಇರುತ್ತಾಳೆಂದು ನಂಬಿ ಕುಳಿತಿವೆ.

ನಮ್ಮ ಕಡೆ ಹಾಗಿಲ್ಲವೆಂದು ನಿಮ್ಮಲ್ಲಿ ಅನೇಕರಿಗೆ ಸ್ವಂತ ಮನೆಯಿಂದಲೇ ಗೊತ್ತಿರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲೇ. ಏಳು ತಿಂಗಳಿಗೆ ಸೀಮಂತ ಮಾಡಿ ಕರೆದೊಯ್ದರೆ, ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಕಳುಹಿಸುತ್ತಾರೆ. ಮಲೆನಾಡಿನ ಸಂಬಂಧಗಳು ಜಿಲ್ಲೆಯ ಗಡಿ ನೋಡಿ ಬೆಳೆಯುವುದೂ ಇಲ್ಲ. ತೀರ್ಥಹಳ್ಳಿಯವರಿಗೆ ಕೊಪ್ಪ ಹತ್ತಿರ, ಸಾಗರದವರಿಗೆ ಸಿದ್ದಾಪುರ ಹತ್ತಿರ, ಹೊಸನಗರದವರಿಗೆ ಘಟ್ಟ ಇಳಿದರೆ ಕುಂದಾಪುರ. ಸೊರಬದ ಮಗಳನ್ನು ಶಿರಸಿಗೆ ಕೊಟ್ಟರೆ ಅದು ಪಕ್ಕದ ಮನೆಗೆ ಕೊಟ್ಟಂತೆ. ಕಡತದ ಮಟ್ಟಿಗೆ ಮಾತ್ರ ಅದು ಬೇರೆ ಜಿಲ್ಲೆ, ಬೇರೆ ಲಾಗಿನ್. ಹೀಗಾಗಿ ಒಬ್ಬ ಹೆಂಗಸಿನ ತಾಯಿ ಕಾರ್ಡ್ ಗಂಡನ ಊರಿನದು, ಸ್ಕ್ಯಾನಿಂಗ್ ತಾಲ್ಲೂಕು ಕೇಂದ್ರದ್ದು, ಹೆರಿಗೆ ಶಿವಮೊಗ್ಗದ್ದೋ ಘಟ್ಟದ ಕೆಳಗಿನದೋ, ಬಾಣಂತನ ಅಮ್ಮನ ಮನೆಯದು. ಜನನ ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ ಮಗು ಹುಟ್ಟಿದ ಸ್ಥಳದಲ್ಲೇ, 21 ದಿನಗಳೊಳಗೆ ಮಾಹಿತಿ ಕೊಡಬೇಕಾದ್ದರಿಂದ, ಜನನ ಪ್ರಮಾಣಪತ್ರ ಆಸ್ಪತ್ರೆ ಇರುವ ಪೇಟೆಯದು. ಈ ಊರುಗಳಲ್ಲಿ ಯಾವುದರಲ್ಲಿ ಆ ಮಗುವನ್ನು ಹುಡುಕಬೇಕು?

ಈಗ ನಿಮ್ಮದೇ ವೇಳಾಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. 6, 10 ಮತ್ತು 14ನೆಯ ವಾರಗಳಲ್ಲಿ ಲಸಿಕೆ ಹಾಕಿಸಬೇಕು. ಒಂದು ವರ್ಷದೊಳಗಿನ ಸಾವುಗಳಲ್ಲಿ ಹೆಚ್ಚಿನವು ಮೊದಲ 28 ದಿನಗಳಲ್ಲೇ ಸಂಭವಿಸುತ್ತವೆ ಎಂಬ ಕಾರಣಕ್ಕೇ ಈ ಭೇಟಿಗಳು ಹುಟ್ಟಿಕೊಂಡದ್ದು. ಈ ದಿನಾಂಕಗಳು ಹೆಚ್ಚುಕಡಿಮೆ ಎಲ್ಲವೂ ತವರಿನ ಅವಧಿಯೊಳಗೇ ಬೀಳುತ್ತವೆ. ಗಂಡನ ಊರಿನ ಆಶಾ ಕೈಯಲ್ಲಿ ಹೆಸರಿದೆ, ಮಗುವಿಲ್ಲ. ತವರಿನ ಆಶಾ ಎದುರಿಗೆ ಮಗುವಿದೆ, ಪಟ್ಟಿಯಲ್ಲಿ ಹೆಸರಿಲ್ಲ. ಆರು ಭೇಟಿಗೆ ಸಿಗುವ 250 ರೂಪಾಯಿ ಯಾರಿಗೆ ಎಂಬ ಪ್ರಶ್ನೆ ಬೇರೆ. ನಾನು ಕಂಡ ಮಟ್ಟಿಗೆ ತವರಿನ ಆಶಾ ದುಡ್ಡಿನ ಮುಖ ನೋಡದೆ ಹೋಗಿಬರುತ್ತಾರೆ, ಏಕೆಂದರೆ ಆ ಬಾಣಂತಿ ಅವರ ಕಣ್ಣೆದುರೇ ಬೆಳೆದ ಹುಡುಗಿ. ಹೋಗಿಬಂದದ್ದನ್ನು ತಮ್ಮದೊಂದು ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. "ಮಗಳು ಬಂದಿದ್ದಾಳೆ, ಗಂಡು ಮಗು, ಹಾಲು ಕಡಿಮೆ, ಅಜ್ಜಿಗೆ ಹೇಳಿದೆ" ಎಂಬಂಥ ಸಾಲುಗಳು. ಇಷ್ಟು ವರ್ಷಗಳಲ್ಲಿ ನಾನು ಓದಿದ ದಾಖಲೆಗಳಲ್ಲಿ ಅತ್ಯಂತ ನಂಬಿಕೆಗೆ ಯೋಗ್ಯವಾದವು ಈ ಪುಸ್ತಕಗಳು. ಇವುಗಳನ್ನು ಸೇರಿಸಿಕೊಳ್ಳುವ ಕಲಂ ಯಾವ ನಮೂನೆಯಲ್ಲೂ ನನಗೆ ಕಂಡಿಲ್ಲ.

ಪರಿಣಾಮ ಎರಡೂ ಕಡೆ ವಿಚಿತ್ರವಾಗಿರುತ್ತದೆ. ಗಂಡನ ಊರಿನ ಪಟ್ಟಿಯಲ್ಲಿ ಮಗು "ಬಾಕಿ" ಎಂದು ಕೆಂಪಾಗಿ ತೋರುತ್ತದೆ. ತವರಿಗೆ ಬಂದವರು ಹೆಚ್ಚಿರುವ ಉಪಕೇಂದ್ರದಲ್ಲಿ ಲಸಿಕೆಯ ಸಾಧನೆ ಶೇ. 100 ದಾಟುತ್ತದೆ. ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಶಭಾಷ್. ಇಬ್ಬರೂ ಮಾಡಿದ್ದು ಒಂದೇ ಕೆಲಸ. ತಿಂಗಳ ಪರಿಶೀಲನಾ ಸಭೆಯಲ್ಲಿ ಕೆಂಪು ಬಣ್ಣ ಕಂಡರೆ ಮೇಲಿನವರ ದನಿ ಏರುತ್ತದೆ. ದನಿ ಏರಿದರೆ ಏನಾಗುತ್ತದೆಂದು ಅಂಕಿಗಳನ್ನು ಓದುವವರಿಗೆ ಗೊತ್ತು. ಕೆಂಪು ಹಸಿರಾಗುತ್ತದೆ. ಮಗು ಊರಲ್ಲಿಲ್ಲದ ತಿಂಗಳುಗಳಲ್ಲೂ ಅದರ ತೂಕ ತಿಂಗಳಿಗೆ ಇಷ್ಟೆಂದು ಅಳತೆ ಹಿಡಿದಂತೆ ಏರುತ್ತದೆ. ತೂಕಗಳೆಲ್ಲ 6, 6.5, 7 ಎಂದು ನಿಲ್ಲುತ್ತವೆ. ನಿಜವಾಗಿ ತೂಗಿದ ಮಕ್ಕಳ ಪಟ್ಟಿಯಲ್ಲಿ 6.3 ಇರಬೇಕು, 6.8 ಇರಬೇಕು, ಜ್ವರ ಬಂದ ತಿಂಗಳು ಇಳಿದಿರಬೇಕು. ಮಕ್ಕಳು ಅರ್ಧ ಕಿಲೋದ ಮೆಟ್ಟಿಲು ಹತ್ತಿ ಬೆಳೆಯುವುದಿಲ್ಲ.

ಇದು ಸಂಶೋಧಕರ ಚಾಳಿ, ಅಷ್ಟು ಸೂಕ್ಷ್ಮ ಯಾಕೆ ಎಂದು ನಿಮಗೆ ಅನ್ನಿಸಬಹುದು. ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡದಲ್ಲಿ, 12 ತಿಂಗಳ ಹೆಣ್ಣು ಮಗು 7.0 ಕಿಲೋಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು. 13 ತಿಂಗಳಿಗೆ ಆ ಗೆರೆ 7.2 ಕಿಲೋ. 7.1 ಕಿಲೋ ಇರುವ ಮಗುವಿನ ವಯಸ್ಸನ್ನು ಒಂದು ತಿಂಗಳು ಹೆಚ್ಚುಕಡಿಮೆ ಬರೆದರೆ, ಅಥವಾ 12 ತಿಂಗಳ ಮಗುವಿನ 6.9 ಎಂಬುದನ್ನು ಸರಾಗವಾಗಿ 7 ಎಂದು ಬರೆದರೆ, ಆ ಮಗು ಗೆರೆಯ ಈ ಕಡೆಯಿಂದ ಆ ಕಡೆಗೆ ಹೋಗಿಬಿಡುತ್ತದೆ. ಒಂದು ಅಂಗನವಾಡಿಯಲ್ಲಿ ಇಂಥ ನಾಲ್ಕು ಮಕ್ಕಳಿದ್ದರೆ ಇಡೀ ಊರು ಉದ್ಧಾರವಾದಂತೆಯೋ ಹಾಳಾದಂತೆಯೋ ಕಾಣುತ್ತದೆ. ಹೀಗೆ ಬರೆದ ಕಾರ್ಯಕರ್ತೆಯನ್ನು ದೂರಲು ನನಗೆ ಮನಸ್ಸಿಲ್ಲ. ಊರಲ್ಲಿಲ್ಲದ ಮಗುವಿನ ತೂಕ ಕೇಳಿದವರದ್ದು ಮೊದಲ ತಪ್ಪು.

ಪೋಷಣ್ ಟ್ರ್ಯಾಕರ್‌ನಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ ವಲಸೆ ದಾಖಲಿಸುವ ಅವಕಾಶ ಇದೆಯಲ್ಲ ಎಂದು ನೀವು ಹೇಳುತ್ತೀರಿ. ಇದೆ. ಆದರೆ ಬಾಣಂತನವನ್ನು ನಮ್ಮ ಜನ ವಲಸೆ ಎಂದುಕೊಳ್ಳುವುದಿಲ್ಲ. ಸೊಸೆಯ ಹೆಸರನ್ನು ಈ ಊರಿನಿಂದ ತೆಗೆಸಿದ್ದಾರೆಂದರೆ ಅತ್ತೆ ಏನೆಂದುಕೊಂಡಾರು! ಮೂರು ತಿಂಗಳಿಗಾಗಿ ತೆಗೆಸಿ ಮತ್ತೆ ಹಾಕಿಸುವ ಗೋಜಿಗೆ ಕಾರ್ಯಕರ್ತೆಯೂ ಹೋಗುವುದಿಲ್ಲ. ಆಧಾರ್ ಇದೆ, ಆರೋಗ್ಯದ ಡಿಜಿಟಲ್ ಗುರುತಿನ ಸಂಖ್ಯೆ ಬರುತ್ತಿದೆ, ಎಲ್ಲವೂ ತಾನೇ ಕೂಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಸಂಖ್ಯೆಯಿಂದ ಈಕೆ ಯಾರೆಂದು ತಿಳಿಯುತ್ತದೆ. ಇವತ್ತು ರಾತ್ರಿ ಮಗುವಿಗೆ ಉಸಿರು ಕಟ್ಟಿದರೆ ಯಾವ ಊರಿನ ದಾರಿಗೆ ಆಂಬುಲೆನ್ಸ್ ಕಳುಹಿಸಬೇಕೆಂದು ತಿಳಿಯುವುದಿಲ್ಲ.

ಮಾತೃಪೂರ್ಣ ಯೋಜನೆಯ ಹಾಜರಿಯೂ ಇದೇ ಕಥೆ. 2017ರಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಎಂದು ಶುರುವಾದ ಯೋಜನೆ, ಉದ್ದೇಶದಲ್ಲಿ ಎರಡು ಮಾತಿಲ್ಲ. ಆದರೆ ಮಲೆನಾಡಿನಲ್ಲಿ ಊರೆಂದರೆ ಸಾಲುಮನೆಗಳಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ, ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಬಾಣಂತಿ ಹೊಸ್ತಿಲು ದಾಟಬಾರದು, ತಲೆಗೆ ಗಾಳಿ ತಾಗಬಾರದು ಎನ್ನುವ ಮನೆಯವರಿಗೆ ಜುಲೈ ತಿಂಗಳ ಮಳೆಯಲ್ಲಿ ಮಗು ಎತ್ತಿಕೊಂಡು ಸಂಕ ದಾಟಿ ಬಂದು ಊಟ ಮಾಡಿಹೋಗಿ ಎಂದರೆ ಬರುತ್ತಾರೆಯೇ? ಹಾಜರಿ ಕಡಿಮೆ ಎಂಬ ವರದಿ ನೋಡಿ, ಮಲೆನಾಡಿನ ಹೆಂಗಸರಿಗೆ ಪೌಷ್ಟಿಕತೆಯ ಅರಿವು ಕಡಿಮೆ ಎಂದು ಸಭೆಯೊಂದರಲ್ಲಿ ಒಬ್ಬರು ತೀರ್ಮಾನಿಸಿದ್ದನ್ನು ನಾನು ಕೂತು ಕೇಳಿದ್ದೇನೆ. ದೂರ ಎಂಬ ಕಲಂ ಆ ವರದಿಯಲ್ಲಿ ಇರಲಿಲ್ಲ. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಬರುವ ಕುಟುಂಬಗಳ ಮಕ್ಕಳ ಗತಿ ಇನ್ನೂ ಕಷ್ಟದ್ದು. ಅವರಿಗೆ ಇಲ್ಲಿ ತವರೂ ಇಲ್ಲ, ಹೆಸರೂ ಇಲ್ಲ. ಅದನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ.

ಮನೆಗಳನ್ನು ಜೋಡಿಸಿ ಓದುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಒಂದು ಕಾಯಿಲೆ ವರದಿಯಾಯಿತು. ಸೊಂಟ, ಮಂಡಿಯ ಕೀಲುಗಳು ಹದಗೆಟ್ಟು ಜನ ನಡೆಯಲಾಗದೆ ನೆಲ ಹಿಡಿಯುತ್ತಿದ್ದರು. ಹೆಚ್ಚಿನವರು ಬಡ ದಲಿತ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿ ಹೀಗಾಗುತ್ತಿದೆಯೇ ಎಂಬ ಶಂಕೆ ಮೊದಲು ಬಲವಾಗಿತ್ತು. ಕೊನೆಗೆ ದಿಕ್ಕು ತೋರಿಸಿದ್ದು ವಂಶವೃಕ್ಷ. ಯಾರ ಮಗಳು ಎಲ್ಲಿಗೆ ಹೋದಳು, ಅವಳ ಮಕ್ಕಳಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ತಲೆಮಾರುಗಳನ್ನು ಬರೆದು ನೋಡಿದಾಗ ಅದು ಅನುವಂಶೀಯ ಕಾಯಿಲೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಗುವಿಗೆ ದಾಟಬಲ್ಲದ್ದು ಎಂದು ತಿಳಿಯಿತು. ಬಿಡಿ ರೋಗಿಗಳನ್ನು ಎಷ್ಟು ಪರೀಕ್ಷಿಸಿದ್ದರೂ ಇದು ಕಾಣುತ್ತಿರಲಿಲ್ಲ.

ಅದೇ ಹಂದಿಗೋಡು ನನಗೆ ಇನ್ನೊಂದು ಕಾರಣಕ್ಕೆ ನೆನಪಾಗುತ್ತದೆ. ಊರಿನ ಹೆಸರೇ ರೋಗದ ಹೆಸರಾಗಿ ಉಳಿಯಿತು. ಸೊರಬದ ಕ್ಯಾಸನೂರು ಕಾಡಿಗೂ 1957ರ ಮಂಗನ ಕಾಯಿಲೆಯ ನಂತರ ಹಾಗೇ ಆಯಿತು. ಕಾಡನ್ನು ನೋಡದವರಿಗೂ ಅದು ವೈರಾಣುವಿನ ಹೆಸರಾಗಿ ಗೊತ್ತು. ಆ ಹೆಸರು ಹೊತ್ತ ಊರಿನಲ್ಲಿ ಹೆಣ್ಣು ಕೊಡುವ ತರುವ ಮಾತು ಬಂದಾಗ ಏನಾಗುತ್ತದೆಂದು ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಹಾಗಾಗಿ, ದಾಖಲೆಗಳನ್ನು ಜೋಡಿಸಿ ಎಂದು ಕೇಳುವ ನಾನೇ, ಹೇಗೆಂದರೆ ಹಾಗೆ ಜೋಡಿಸಬೇಡಿ ಎಂದೂ ಕೇಳಬೇಕಾಗಿದೆ.

ನನಗಾದ ಒಂದು ಅನುಭವ ಹೇಳುತ್ತೇನೆ. ಹೆಸರಿಲ್ಲದ, ಮೊಬೈಲ್ ಸಂಖ್ಯೆಯಿಲ್ಲದ, ತಿಂಗಳುವಾರು ತೂಕದ ಪಟ್ಟಿ ಬೇಕೆಂದು ಒಂದು ಕಚೇರಿಗೆ ಅರ್ಜಿ ಹಾಕಿದ್ದೆ. ನಮ್ಮ ನೈತಿಕ ಸಮಿತಿಯ ಒಪ್ಪಿಗೆ ಪತ್ರ, ಮಾರ್ಗದರ್ಶಕರ ಪತ್ರ, ಎಲ್ಲವೂ ಲಗತ್ತಾಗಿದ್ದವು. ಅರ್ಜಿ ಮೇಜಿನಿಂದ ಮೇಜಿಗೆ ಹೋಯಿತು, ಉತ್ತರ ಬರಲಿಲ್ಲ. ಒಂದು ಸಂಜೆ, ನನ್ನ ಕಷ್ಟ ಕೇಳಿ ಮರುಗಿದ ಸಿಬ್ಬಂದಿಯೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಡತವನ್ನೇ ಕಳುಹಿಸಿಬಿಟ್ಟರು. ತಾಯಂದಿರ ಹೆಸರು, ಗಂಡನ ಹೆಸರು, ಜಾತಿ, ಫೋನ್ ಸಂಖ್ಯೆ, ಯಾರಿಗೆ ಗರ್ಭಪಾತವಾಗಿತ್ತು, ಯಾರ ಮಗು ತೀರಿಕೊಂಡಿತ್ತು, ಎಲ್ಲವೂ ಅದರಲ್ಲಿತ್ತು. ಅವರ ಮನಸ್ಸು ಒಳ್ಳೆಯದು, ಅನುಮಾನವಿಲ್ಲ. ನಾನು ಕಡತವನ್ನು ಅಳಿಸಿ, ಅವರಿಗೂ ಅಳಿಸಲು ಹೇಳಿ, ಮತ್ತೆ ಅರ್ಜಿಯ ಹಿಂದೆ ಬಿದ್ದೆ. ಕಾನೂನಿನ ದಾರಿಯಲ್ಲಿ ಹೆಸರಿಲ್ಲದ ಪಟ್ಟಿಯೂ ಸಿಗದ, ಪರಿಚಯದ ದಾರಿಯಲ್ಲಿ ಹೆಸರು ಸಮೇತ ಮನೆಯ ಗುಟ್ಟೆಲ್ಲ ಸಿಗುವ ವ್ಯವಸ್ಥೆಯನ್ನು ನೀವು ಭದ್ರ ಎಂದು ಕರೆಯುತ್ತೀರಾ?

ದಾರಿ ತೋರಿಸುವ ಕಾನೂನು ಈಗ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿಯನ್ನೂ ಇಟ್ಟಿದೆ. ಆ ದತ್ತಾಂಶ ಬಳಸಿ ಯಾವುದೇ ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಬಾರದು, ನಿಗದಿಪಡಿಸಿದ ಮಾನದಂಡ ಪಾಲಿಸಬೇಕು ಎಂಬುದು ಷರತ್ತು. ಅದಕ್ಕೆ ತಕ್ಕ ಪದ್ಧತಿ ಕಷ್ಟದ್ದಲ್ಲ. ತಾಯಿ ಕಾರ್ಡಿನ ಸಂಖ್ಯೆಯನ್ನು ಇಲಾಖೆಯೊಳಗೇ ಒಂದು ಸಂಕೇತವಾಗಿ ಬದಲಿಸಿ, ಎರಡೂ ಇಲಾಖೆಗಳ ಸಾಲುಗಳನ್ನು ಆ ಸಂಕೇತದಿಂದ ಹೊಂದಿಸಿ, ಹೆಸರು ಕಿತ್ತು, ಜನ್ಮದಿನಾಂಕದ ಬದಲು ತಿಂಗಳಿನ ವಯಸ್ಸು ಬರೆದು, ಸಂಕೇತದ ಬೀಗದ ಕೈಯನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ಸಂಶೋಧಕರಿಗೆ ಕೊಡಬಹುದು. ಮಲೆನಾಡಿಗೆ ಒಂದು ಎಚ್ಚರಿಕೆ ಸೇರಿಸಬೇಕು. ನಲವತ್ತು ಮನೆಯ ಊರಿನಲ್ಲಿ "ತೀವ್ರ ಅಪೌಷ್ಟಿಕ ಮಗು: 1" ಎಂದು ಪ್ರಕಟಿಸಿದರೆ ಅದು ಅಂಕಿಯಲ್ಲ, ಯಾರ ಮನೆಯೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆಯಿರುವ ಯಾವ ಅಂಕಿಯನ್ನೂ ಊರಿನ ಹೆಸರಿನಲ್ಲಿ ಹೊರಗೆ ಬಿಡಬಾರದು.

ಪೋರ್ಟಲ್‌ಗಳು ಕೇಂದ್ರದವು, ನಮ್ಮ ಕೈಯಲ್ಲಿ ಏನಿದೆ ಎನ್ನಬೇಡಿ. ತಾಯಿ ಕಾರ್ಡ್ ಕೊಡುವವರು ನಿಮ್ಮ ಸಿಬ್ಬಂದಿ. ಏಳನೆಯ ತಿಂಗಳ ತಪಾಸಣೆಯಲ್ಲಿ "ಬಾಣಂತನ ಯಾವ ಊರಿನಲ್ಲಿ, ಎಷ್ಟು ತಿಂಗಳು" ಎಂದು ಕೇಳಿ ಬರೆದುಕೊಳ್ಳಿ ಎಂಬ ಸುತ್ತೋಲೆಗೆ ದೆಹಲಿಯ ಒಪ್ಪಿಗೆ ಬೇಕಿಲ್ಲ. ಆ ಉತ್ತರ ತವರಿನ ಆಶಾ ಕಾರ್ಯಕರ್ತೆಗೆ ಹೆರಿಗೆಗೆ ಮೊದಲೇ ತಲುಪಲಿ, ಜಿಲ್ಲೆ ಬೇರೆಯಾದರೂ ತಲುಪಲಿ. ಭೇಟಿಯ ಹಣ ಭೇಟಿ ಕೊಟ್ಟವರಿಗೆ ಹೋಗಲಿ. ಮಗು ತವರಿನಲ್ಲಿರುವಷ್ಟು ಕಾಲ ಗಂಡನ ಊರಿನ ಪಟ್ಟಿಯಲ್ಲಿ ಅದಕ್ಕೆ ಕೆಂಪು ಬಣ್ಣ ಬೇಡ, "ತವರಿನಲ್ಲಿದೆ" ಎಂದೇ ಇರಲಿ. ಹಾಗೆ ಬರೆಯಲು ಬಿಟ್ಟರೆ ಸುಳ್ಳು ತೂಕ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಮತ್ತೆ, ಮೇಲೆ ಹೋದ ಲೆಕ್ಕ ವರ್ಷಕ್ಕೊಮ್ಮೆಯಾದರೂ ಕೆಳಗೆ ಬರಲಿ. ಪ್ರತಿ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಒಂದು ಹಾಳೆ ಸಾಕು: ಇಷ್ಟು ಮಕ್ಕಳು, ಇಷ್ಟು ತೂಕ ಆಯಿತು, ಇಷ್ಟು ಬಿಟ್ಟುಹೋಯಿತು. ಮಕ್ಕಳ ಗ್ರಾಮಸಭೆಯಲ್ಲಿ ಬಾವುಟ ಹಿಡಿಸಿ ಭಾಷಣ ಮಾಡಿಸುವ ಬದಲು ಆ ಹಾಳೆ ಓದಿದರೆ ಜನ ತಾವಾಗಿಯೇ ತಪ್ಪು ಹಿಡಿಯುತ್ತಾರೆ. "ನಮ್ಮ ಮನೆಯ ಕೂಸು ಇದರಲ್ಲಿ ಸೇರಿಲ್ಲ" ಎಂದು ಒಬ್ಬ ಅಜ್ಜಿ ಎದ್ದು ಹೇಳಿದರೆ, ನನ್ನ ಕಂಪ್ಯೂಟರಿನ ಪ್ರೋಗ್ರಾಂ ಹಿಡಿಯಲಾರದ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.

ಹೊಸ ನಮೂನೆಯ ಕರಡು ಸಿದ್ಧವಾದಾಗ ಅದನ್ನು ನನ್ನಂಥವರಿಗೆ ಕಳುಹಿಸುವುದಕ್ಕಿಂತ ಮೊದಲು ತೀರ್ಥಹಳ್ಳಿ, ಹೊಸನಗರ, ಸಾಗರದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಇಡಿ. ಅವರ ಉದ್ದ ಪುಸ್ತಕಗಳನ್ನು ತರಲು ಹೇಳಿ, ಪಕ್ಕದಲ್ಲಿ ಇಟ್ಟು ನೋಡಿ. ಸಭೆಯನ್ನು ಮಳೆಗಾಲದಲ್ಲಿ ಕರೆಯಬೇಡಿ, ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿಯಲ್ಲೂ ಬೇಡ. ಬಂದವರಿಗೆ ಆ ದಿನದ ಬಸ್ ಖರ್ಚು ಮತ್ತು ಮಧ್ಯಾಹ್ನದ ಊಟ ಕೊಡಿ.

ಇಂತಿ,
ಮಕ್ಕಳ ಆರೋಗ್ಯ ದತ್ತಾಂಶದ ಒಬ್ಬ ಸಂಶೋಧಕಿ
ಶಿವಮೊಗ್ಗ